ರುದ್ರಪ್ರಸಾದನ ಝೂಮ್ ಇಲ್ಲದ ಲೆನ್ಸು

ರಾಮನಗರ ಜಿಲ್ಲೆಯಾಗಿ ಮೂರು ವರ್ಷವಾಗಿತ್ತು. ಊರಿಗೆ ಹೊಸ ಕಚೇರಿಗಳು ಬಂದಿದ್ದವು, ಕಚೇರಿಗಳಿಗಿಂತ ಮೊದಲೇ ಅವುಗಳ ಬೋರ್ಡುಗಳು ಬಂದಿದ್ದವು, ಹಾರೋಹಳ್ಳಿ ಕಡೆ ನೋಡನೋಡುತ್ತಿದ್ದಂತೆ ಹೊಲಗಳಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದವು. ಇಷ್ಟೆಲ್ಲ ಪ್ರಗತಿ ಆಗುತ್ತಿರುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡು, ರೇಷ್ಮೆ ಗೂಡಿನ ಮಾರುಕಟ್ಟೆ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ರುದ್ರಪ್ರಸಾದ್ ಒಂದು ಬುಧವಾರ ಬೆಂಗಳೂರಿಗೆ ಹೋದ. ಎಂಟು ವರ್ಷ ಅನ್ನ ಹಾಕಿದ ದೊಡ್ಡ ಕ್ಯಾಮೆರಾವನ್ನೂ ಅದರ ಉದ್ದನೆಯ ಝೂಮ್ ಲೆನ್ಸನ್ನೂ ಅಂಗಡಿಯವನಿಗೆ ಒಪ್ಪಿಸಿ, ಬದಲಿಗೆ ಅಂಗೈಯಲ್ಲಿ ಅಡಗುವಂಥ ಒಂದು ಕ್ಯಾಮೆರಾ ತಂದ. ಒಳಗೆ ಕನ್ನಡಿಯೇ ಇಲ್ಲದ ಹೊಸ ಮಾದರಿಯದು. ಅದರ ಮೂತಿಗೆ ಗಿಡ್ಡನೆಯ ಒಂದು ಲೆನ್ಸು, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ಎಷ್ಟು ತಿರುಗಿಸಿದರೂ ಅದರಲ್ಲಿ ದೂರದ್ದು ಹತ್ತಿರ ಬರುತ್ತಿರಲಿಲ್ಲ, ಹತ್ತಿರದ್ದು ದೂರ ಹೋಗುತ್ತಿರಲಿಲ್ಲ.

"ಝೂಮ್ ಯಾಕೆ ಸಾರ್?" ಎಂದು ಅಂಗಡಿಯವನು ಕೇಳಿದ್ದ. "ನಿಮ್ಮ ಕಣ್ಣಿಗೆ ಝೂಮ್ ಇದೆಯಾ? ಈ ಲೆನ್ಸು ಮನುಷ್ಯನ ಕಣ್ಣು ನೋಡೋ ಹಾಗೇ ನೋಡುತ್ತೆ. ಹತ್ತಿರ ಬೇಕಾದ್ರೆ ಎರಡು ಹೆಜ್ಜೆ ಮುಂದೆ ಹೋಗಿ, ದೂರ ಬೇಕಾದ್ರೆ ಎರಡು ಹೆಜ್ಜೆ ಹಿಂದೆ ಬನ್ನಿ. ಕಾಲೇ ಝೂಮ್."

ಈ ಮಾತಿನಲ್ಲಿ ರುದ್ರಪ್ರಸಾದನಿಗೆ ಏನೋ ವೇದಾಂತ ಕಂಡಿತು. ಆ ಸಂತೋಷದಲ್ಲಿ, ಹಿಂದೆ ಬರಲು ಜಾಗವೇ ಇಲ್ಲದಿದ್ದರೆ ಏನು ಮಾಡುವುದು ಎಂದು ಕೇಳುವುದನ್ನು ಮರೆತ. ನಮ್ಮ ಕಥೆಯೆಲ್ಲ ಹುಟ್ಟಿದ್ದು ಆ ಕೇಳದೆ ಉಳಿದ ಪ್ರಶ್ನೆಯಿಂದ.

ಸ್ಟುಡಿಯೋದ ಹಿಂದೆಯೇ ಇದ್ದ ಮನೆಗೆ ಬಂದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಾಗ ಹೆಂಡತಿ ಯಶೋಧಾ ಅದನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು.

"ರೀ, ಮಿಕ್ಕಿದ್ದು ನಾಳೆ ಬರುತ್ತಾ?"

"ಮಿಕ್ಕಿದ್ದು ಏನೂ ಇಲ್ಲ. ಇಷ್ಟೇ."

"ಪೌಡರ್ ಡಬ್ಬಿಯಷ್ಟಿದೆ. ಮದುವೆ ಮನೇಲಿ ಇದನ್ನ ಹಿಡ್ಕೊಂಡು ನಿಂತ್ರೆ, ಫೋಟೋದವನು ಯಾವಾಗ ಬರ್ತಾನೆ ಅಂತ ನಿಮ್ಮನ್ನೇ ಕೇಳ್ತಾರೆ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮಾಗಡಿ ಮಾವ ಗಂಟಲು ಸರಿಮಾಡಿಕೊಂಡರು. ಇವರು ಯಶೋಧಾಳ ತಂದೆ. ಮಾಗಡಿಯಲ್ಲಿ ಇವರ ಮನೆಯ ಎದುರಿಗೇ ಇವರ ಒಡಹುಟ್ಟಿದ ಅಣ್ಣನ ಮನೆ. ಇಬ್ಬರಿಗೂ ಏಳು ವರ್ಷದಿಂದ ಮಾತಿಲ್ಲ. ಬೆಳಿಗ್ಗೆ ಎದ್ದು ಆ ಮುಖ ನೋಡುವುದು ಬೇಡವೆಂದು ಮಾವ ವಾರದಲ್ಲಿ ನಾಲ್ಕೈದು ದಿನ ಮಗಳ ಮನೆಗೆ ಬಂದು ಅಳಿಯನ ಮುಖ ನೋಡುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂಬುದನ್ನು ಅವರಿನ್ನೂ ತೀರ್ಮಾನಿಸಿರಲಿಲ್ಲ. ಈ ಸಲ ಬರುವಾಗ ಹಾರೋಹಳ್ಳಿಯಲ್ಲಿ ಬಾಟಲಿ ಮುಚ್ಚಳ ಮಾಡುವ ಒಂದು ಫ್ಯಾಕ್ಟರಿಯ ಕೆಲಸದ ಅರ್ಜಿ ತಂದಿದ್ದರು. ಅಳಿಯನ ಹೆಸರು, ವಯಸ್ಸು, ವಿದ್ಯಾಭ್ಯಾಸ ಎಲ್ಲವನ್ನೂ ತಾವೇ ತುಂಬಿದ್ದರು. ಸಹಿಯೊಂದು ಬಾಕಿಯಿತ್ತು.

"ಅಳಿಯಂದ್ರೆ," ಎಂದರು ಮಾವ, "ಈಗ ಎಲ್ಲರ ಮೊಬೈಲಲ್ಲೂ ಕ್ಯಾಮೆರಾ ಬಂದಿದೆ. ನಿಮ್ಮ ಅಂಗಡಿಗೆ ಬರೋದು ಪಾಸ್‌ಪೋರ್ಟ್ ಸೈಜ್ ಬೇಕಾದವರು ಮಾತ್ರ. ಅದು ಅವರಿಗ್ಯಾಕೆ? ಫ್ಯಾಕ್ಟರಿ ಅರ್ಜಿಗೆ ಅಂಟಿಸೋಕೆ. ಅಂದ್ರೆ ಊರಿನವರನ್ನೆಲ್ಲ ಫ್ಯಾಕ್ಟರಿಗೆ ಕಳಿಸಿ ನೀವೊಬ್ಬರು ಇಲ್ಲೇ ಉಳ್ಕೊಂಡಿದ್ದೀರಿ. ಅಲ್ಲಿ ಎರಡು ಜೊತೆ ಯೂನಿಫಾರಂ ಕೊಡ್ತಾರೆ. ಮನೆ ಹತ್ರಕ್ಕೆ ಬಸ್ಸು ಬರುತ್ತೆ."

ಆ ಸ್ಟುಡಿಯೋ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ರುದ್ರಪ್ರಸಾದನಿಗೆ ಲೋಕದಲ್ಲಿ ಬೇರೇನೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಭಯವಾಯಿತು. ಭಯವಾದಾಗ ಬಡಾಯಿ ಕೊಚ್ಚುವುದು ಅವನ ವಾಡಿಕೆ.

"ಒಂದು ನಿಮಿಷ ಆಚೆ ಬನ್ನಿ ಮಾವ," ಎಂದು ಅವರನ್ನು ಅಂಗಡಿ ಮುಂದೆ ನಿಲ್ಲಿಸಿ, ಎರಡು ಹೆಜ್ಜೆ ಅಂತರದಿಂದ ಒಂದು ಫೋಟೋ ತೆಗೆದು ತೋರಿಸಿದ. ಮಾವನ ಹಿಂದೆ ತೆರೆದ ಚರಂಡಿ ಇತ್ತು, ಮುರಿದ ಒಂದು ಸಿಂಕು ಇತ್ತು, ಸಿಂಕಿನಲ್ಲಿ ಮಲಗಿದ್ದ ನಾಯಿ ಇತ್ತು. ಫೋಟೋದಲ್ಲಿ ಮಾವನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಹಿಂದೆ ಮಾತ್ರ ತೆಳ್ಳನೆಯ ಬಣ್ಣ, ಇನ್ನೇನೂ ಇಲ್ಲ.

"ಚರಂಡಿ ಎಲ್ಲಿ?" ಎಂದರು ಮಾವ.

"ಲೆನ್ಸು ಅಳಿಸಿಬಿಡ್ತು."

"ನಾಯಿ?"

"ಅದನ್ನೂ."

ಮಾವ ತಿರುಗಿ ನೋಡಿದರು. ನಾಯಿ ಅಲ್ಲೇ ಇತ್ತು. ಅವರು ಒಂದು ತೀರ್ಪು ಕೊಟ್ಟರು. "ಭಾನುವಾರ ಕೂಟಗಲ್ಲಿನ ಚೆಲುವಯ್ಯನ ಮಗಳ ನಿಶ್ಚಿತಾರ್ಥಕ್ಕೆ ನೀವೇ ಅಲ್ವಾ ಫೋಟೋ? ಅಲ್ಲಿ ಜನ ಮೆಚ್ಚಿ ಮದುವೆಗೂ ನಿಮ್ಮನ್ನೇ ಕರೆದ್ರೆ ಈ ಅರ್ಜಿ ವಿಷಯ ನಾನಿನ್ನು ಎತ್ತಲ್ಲ. ಕರೀದಿದ್ರೆ ಸೋಮವಾರ ಬೆಳಿಗ್ಗೆ ಆರೂವರೆಗೆ ಬಸ್ಸು. ನಾನೂ ಬರ್ತೀನಿ ಭಾನುವಾರ. ಕಣ್ಣಾರೆ ನೋಡಬೇಕು."

ಶುಕ್ರವಾರ ಚೆಲುವಯ್ಯ ಸ್ಟುಡಿಯೋಗೆ ಬಂದ. ಕೂಟಗಲ್ಲಿನ ರೈತ, ಐವತ್ತೈದರ ಆಸುಪಾಸು. ಕಣ್ಣು ಕೆಂಪಗಿತ್ತು. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಹುಳು ಗೂಡು ಕಟ್ಟುವ ದಿನವೂ ಮಗಳ ನಿಶ್ಚಿತಾರ್ಥವೂ ಒಟ್ಟಿಗೇ ಬಂದು ಕೂತಿದ್ದವು. ಹುಳು ಮನೆಯೊಳಗೆ ಪರಸ್ಥಳದವರನ್ನು ಬಿಡುವಂತಿಲ್ಲ, ಅತ್ತರು ಗಿತ್ತರಿನ ವಾಸನೆ ಅವಕ್ಕೆ ಆಗುವುದಿಲ್ಲ. ಹೀಗಾಗಿ ಶಾಸ್ತ್ರ, ಫೋಟೋ ಎರಡೂ ಮನೆ ಮುಂದಿನ ಚಪ್ಪರದಲ್ಲೇ ಎಂದು ಹೇಳಲು ಬಂದವನು, ಗೋಡೆ ಮೇಲಿದ್ದ ಮಾವನ ಫೋಟೋ ನೋಡಿ ನಿಂತುಬಿಟ್ಟ.

"ಪ್ರಸಾದಪ್ಪಾ, ಇದು ನಿಮ್ಮಂಗ್ಡಿ ಮುಂದೆ ತಗ್ದಿದ್ದಾ? ಚರಂಡಿ ಕಾಣ್ತಾ ಇಲ್ವಲ್ಲಾ."

"ಈ ಲೆನ್ಸಿನ ಗುಣವೇ ಅದು. ಮುಂದೆ ನಿಂತವರು ಮಾತ್ರ ಕಾಣ್ತಾರೆ. ಹಿಂದಿರೋದೆಲ್ಲ ಮಾಯ."

"ಗ್ವಾಡೆ?"

"ಮಾಯ."

"ಗ್ವಾಡೆಗೆ ಒರಗ್ಸಿರೋ ಸಾಮಾನು?"

"ಆನೆ ಒರಗಿಸಿದ್ರೂ ಕಾಣಲ್ಲ."

"ಆನೆ ಇಲ್ಲ ಬುಡಿ," ಎಂದ ಚೆಲುವಯ್ಯ ಗಂಭೀರವಾಗಿ. "ಚಂದ್ರಿಕೆ ಅವೆ. ಫೋಟೋವ ದೊಡ್ಡದಾಗಿ ಮಾಡ್ಸಿ ಬೀಗ್ರ ಮನೇಲಿ ನೇತಾಕಿದ್ರೂ ಕಾಣಕ್ಕಿಲ್ವಾ?"

"ಕಾಣಲ್ಲ."

"ಭೂತಗನ್ನಡಿ ಇಟ್ಕಂಡು ನೋಡಿದ್ರೂ?"

"ಚೆಲುವಯ್ಯನವರೇ, ನನ್ನ ಮಾತು ನಂಬಿ."

ರುದ್ರಪ್ರಸಾದ್ ಇದನ್ನು ಲೆನ್ಸಿನ ಮೇಲಿನ ಅಭಿಮಾನ ಎಂದುಕೊಂಡ. ಚೆಲುವಯ್ಯನ ಸಂಕಟ ಅವನಿಗೆ ಗೊತ್ತಿರಲಿಲ್ಲ. ಕೂಟಗಲ್ಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಓದುಗರಿಗೂ ತಿಳಿಸಿಬಿಡುವುದು ನ್ಯಾಯ.

ಚಂದ್ರಿಕೆ ಎಂದರೆ ಬಾಗಿಲಿಗಿಂತ ಅಗಲವಾದ ಬಿದಿರಿನ ಚಾಪೆ. ಅದರ ಮೇಲೆ ಸುತ್ತುಸುತ್ತಾಗಿ ಬಿದಿರ ಪಟ್ಟಿ ಹೆಣೆದಿರುತ್ತಾರೆ. ಹಣ್ಣಾದ ಹುಳುವನ್ನು ಅದರ ಮೇಲೆ ಬಿಟ್ಟು ಸೂರಿನ ಕೆಳಗೆ ಗೋಡೆಗೆ ಒರಗಿಸಿದರೆ, ಸಂದಿ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತವೆ. ಕಟ್ಟಲು ಶುರುಮಾಡಿದ ಮೇಲೆ ಚಂದ್ರಿಕೆಯನ್ನು ಅಲುಗಿಸುವಂತಿಲ್ಲ. ಗಾಳಿಯಾಡಬೇಕು, ಬಟ್ಟೆ ಮುಚ್ಚುವಂತೆಯೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಚೆಲುವಯ್ಯ ಎದುರು ಮನೆಯ ತಮ್ಮ ಬಾಲರಾಜುವಿನಿಂದ ಒಂದು ಚಂದ್ರಿಕೆ ಎರವಲು ತಂದಿದ್ದ. ಆ ಬೆಳೆ ಮುಗಿದ ಮೇಲೆ ತಮ್ಮ ಕೇಳಿದರೆ ಅಣ್ಣ ಆಗಲೇ ಕೊಟ್ಟಿದ್ದೇನೆ ಎಂದ. ತಮ್ಮ ಕೊಟ್ಟಿಲ್ಲ ಎಂದ. ಮಾತು ಬೆಳೆದು, ಬೀದಿ ಜನರೆಲ್ಲ ನೆರೆದಿರುವಾಗ ಚೆಲುವಯ್ಯ ಕಬ್ಬಾಳಮ್ಮನ ಮೇಲೆ ಆಣೆ ಇಟ್ಟು, ನಿನ್ನ ಚಂದ್ರಿಕೆ ನಮ್ಮನೆಯಲ್ಲಿಲ್ಲ ಎಂದುಬಿಟ್ಟ. ಬಾಲರಾಜು ಇನ್ನು ಆ ಮನೆ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ತನ್ನ ಮುಂಬಾಗಿಲಿಗೆ ಅಗುಳಿ ಹಾಕಿ, ಜಗುಲಿಗೆ ಅಡ್ಡವಾಗಿ ತೆಂಗಿನ ಗರಿಯ ತಡಿಕೆ ಕಟ್ಟಿದ. ಅಂದಿನಿಂದ ಅವನ ಮನೆಯವರದೆಲ್ಲ ಹಿತ್ತಿಲ ಬಾಗಿಲಲ್ಲೇ ಓಡಾಟ.

ಈಗ ಅದೇ ಚಂದ್ರಿಕೆ ಹಾಡಹಗಲೇ ಚೆಲುವಯ್ಯನ ಗೋಡೆಗೆ ಒರಗಿ ನಿಂತಿತ್ತು. ಅದರ ಅಂಚಿಗೆ ಬಾಲರಾಜುವಿನ ಹೆಂಡತಿ ಚಿನ್ನಮ್ಮ ಗಿಳಿಹಸಿರು ಸೀರೆಯ ಸೆರಗು ಹರಿದು ಸುತ್ತಿದ್ದಳು, ಬೀದಿಯಲ್ಲಿ ಯಾರು ನೋಡಿದರೂ ಗುರುತು ಹತ್ತುತ್ತಿತ್ತು. ಈ ಸಲ ಹುಳು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಚಂದ್ರಿಕೆ ಸಾಲದೆ, ಕೊನೆಗಳಿಗೆಯಲ್ಲಿ ಅಟ್ಟದಿಂದ ಅದನ್ನೂ ಇಳಿಸಬೇಕಾಗಿತ್ತು. ಹುಳು ಕೂತಾಗಿತ್ತು, ಇನ್ನು ಅಲುಗಿಸುವ ಮಾತೇ ಇಲ್ಲ. ಇದಕ್ಕೆ ಸರಿಯಾಗಿ ಗಂಡಿನ ಕಡೆಯವರು ಕಬ್ಬಾಳಿನವರು, ಆ ತಾಯಿಯ ಊರಿನವರೇ. ಅವರ ಮನೆ ನಡುಮನೆಯಲ್ಲಿ ಸುಳ್ಳಾಣೆಯ ಸಾಕ್ಷಿ ಫೋಟೋ ಆಗಿ ನೇತಾಡುವುದನ್ನು ನೆನೆದರೆ ಚೆಲುವಯ್ಯನಿಗೆ ಊಟ ಸೇರುತ್ತಿರಲಿಲ್ಲ.

ಭಾನುವಾರ ಬಂತು. ಕುತ್ತಿಗೆಗೆ ಪುಟ್ಟ ಕ್ಯಾಮೆರಾ ನೇತುಹಾಕಿಕೊಂಡು ರುದ್ರಪ್ರಸಾದ್ ಚಪ್ಪರದಲ್ಲಿ ನಿಂತ. ಗಂಡಿನ ಸೋದರಮಾವ ಅವನ ಬಳಿ ಬಂದು, "ಫೋಟೋದೋರು ಇನ್ನೂ ಬಂದಿಲ್ವಾ?" ಎಂದು ಕೇಳಿದ. ಯಶೋಧಾ ಹೇಳಿದ್ದು ಹತ್ತು ನಿಮಿಷದೊಳಗೆ ನಿಜವಾಯಿತು. ಜೊತೆಗೆ ಬಂದಿದ್ದ ಮಾಗಡಿ ಮಾವ ಮುಂದಿನ ಸಾಲಿನ ಕುರ್ಚಿ ಹಿಡಿದು, ಜೇಬಿನಲ್ಲಿದ್ದ ಅರ್ಜಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಶುರುವಿನಲ್ಲಿ ಎ‌ಲ್ಲ ಚೆನ್ನಾಗಿಯೇ ಆಯಿತು. ಮದುಮಗಳು ರಮ್ಯಾಳನ್ನು ಹತ್ತಿರದಿಂದ ತೆಗೆದ ಫೋಟೋ ನೋಡಿ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಗಂಡು ಲೋಕೇಶ್, ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೆಕ್ಯಾನಿಕ್, ಆ ಫೋಟೋವನ್ನು ಮೂರು ಸಲ ಕೇಳಿ ನೋಡಿದ. ಹಿಂದಿನ ಗೋಡೆ ನಿಜವಾಗಿಯೂ ಮಾಯವಾಗಿತ್ತು. ಚೆಲುವಯ್ಯನೂ ಇಣುಕಿ ನೋಡಿ ಎರಡು ದಿನದಲ್ಲಿ ಮೊದಲ ಸಲ ಒಂದು ಲೋಟ ಕಾಫಿ ಪೂರ್ತಿ ಕುಡಿದ. ಮಾವ ಕೂಡ ಪಕ್ಕದವರಿಗೆ "ನಮ್ಮ ಅಳಿಯ" ಎಂದರು.

ಊಟಕ್ಕೆ ಎದ್ದರೆ ಜನ ಚದುರುತ್ತಾರೆಂದು ಅದಕ್ಕೆ ಮುಂಚೆಯೇ ಎಲ್ಲರ ಒಂದು ಫೋಟೋ ಆಗಲಿ ಎಂದು ಗಂಡಿನ ಅಜ್ಜಿ ವೆಂಕಟಲಕ್ಷ್ಮಮ್ಮ ಅಪ್ಪಣೆ ಕೊಡಿಸಿದರು. ಎಂಬತ್ತು ದಾಟಿದ ಹೆಂಗಸು, ಕಬ್ಬಾಳಿನಲ್ಲಿ ಅವರ ಮಾತಿಗೆ ಎರಡು ಮಾತಿಲ್ಲ. ನಡುವೆ ಅವರಿಗೊಂದು ಕುರ್ಚಿ ಹಾಕಿ ಸುತ್ತ ನಲವತ್ತು ಜನ ನಿಂತರು. ರುದ್ರಪ್ರಸಾದ್ ಕ್ಯಾಮೆರಾ ಎತ್ತಿ ನೋಡಿದ. ಅದರೊಳಗೆ ಹನ್ನೊಂದು ಜನ ಇದ್ದರು.

ಅವನು ಹಿಂದಕ್ಕೆ ಹೆಜ್ಜೆ ಹಾಕಿದ. ಹದಿನಾಲ್ಕು ಜನರಾದರು. ಇನ್ನೊಂದು ಹೆಜ್ಜೆಗೆ ಹದಿನೇಳು. ಬೀದಿಯ ನಡುವೆ ಬಂದಾಗ ಇಪ್ಪತ್ತಾರು ಆದರು, ಒಂದು ಟ್ರ್ಯಾಕ್ಟರೂ ಬಂತು. ಟ್ರ್ಯಾಕ್ಟರಿನವನು ಹಾರನ್ ಹೊಡೆದು, ವಿಷಯ ತಿಳಿದ ಮೇಲೆ ಇಳಿದು ಬಂದು ತಾನೂ ಗುಂಪಿನಲ್ಲಿ ನಿಂತ.

"ಒತ್ತೊತ್ತಾಗಿ ನಿಂತ್ಕೊಳ್ಳಿ," ಎಂದು ರುದ್ರಪ್ರಸಾದ್ ಬೇಡಿಕೊಂಡ. "ತುದೀಲಿರೋರು ಅರ್ಧ ಮುಖ ಬರ್ತಿದ್ದಾರೆ."

"ಅರ್ಧ ಮೊಕವಾ?" ಎಂದಳು ಬಲತುದಿಯಲ್ಲಿದ್ದ ಗಂಡಿನ ಸೋದರತ್ತೆ. "ಅರ್ಧ ಮೊಕ ತಗ್ದ್ರೆ ಮದ್ವೆಗೆ ಮಿಕ್ಕರ್ಧ ಕಳುಸ್ತೀನಿ, ನೋಡ್ಕಳಿ."

"ಝೂಮ್ ತಿರುಗ್ಸಪ್ಪಾ," ಎಂದ ಸೋದರಮಾವ.

"ಇದರಲ್ಲಿ ಝೂಮ್ ಇಲ್ಲ ಸಾರ್."

"ಇಲ್ವಾ? ನನ್ ಮೊಬೈಲಲ್ಲೇ ಐತಲ್ಲಯ್ಯ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಮಾವ ಅರ್ಜಿಯನ್ನು ಜೇಬಿನಿಂದ ತೆಗೆದು, ಬಿಡಿಸಿ, ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದರು. ಅದನ್ನು ಕಂಡ ರುದ್ರಪ್ರಸಾದನಿಗೆ ಕಾಲಲ್ಲಿ ಬಲವೇ ಉಳಿಯಲಿಲ್ಲ. ಆದರೆ ಝೂಮ್ ಇದ್ದದ್ದು ಆ ಕಾಲಲ್ಲೇ ಆದ್ದರಿಂದ ಮತ್ತೆ ಹಿಂದಕ್ಕೆ ಹೊರಟ.

ಅತ್ತ ಚೆಲುವಯ್ಯ ಎಡತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಚಾಚಿ ನಿಂತಿದ್ದ. ಹುಡುಗಿಯ ಅಪ್ಪ ಅಜ್ಜಿಯ ಪಕ್ಕ ಬರಬೇಕೆಂದು ಎಲ್ಲರೂ ಕರೆದರೂ "ನಂಗೆ ಇಲ್ಲೇ ಅಭ್ಯಾಸ" ಎಂದ. ಕೈ ಇಳಿಸು ಎಂದು ಹೆಂಡತಿ ಮಾಯಮ್ಮ ಹೇಳಿದ್ದಕ್ಕೆ "ಒಸಿ ರಟ್ಟೆ ನೋವು, ಚಾಚ್ಕಂಡ್ರೆ ಸುಖ" ಎಂದ. ಲೆನ್ಸಿನ ಮೇಲೆ ಅವನಿಗೆ ನಂಬಿಕೆಯಿತ್ತು, ಆದರೂ ತನ್ನ ಕೈಲಾದದ್ದನ್ನು ಮಾಡುತ್ತಿದ್ದ.

ರುದ್ರಪ್ರಸಾದ್ ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ ಬಾಲರಾಜುವಿನ ಜಗುಲಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತಿದ.

"ಅಲ್ಲಿಗೆ ಹತ್ತಬ್ಯಾಡಿ ಪ್ರಸಾದಪ್ಪಾ," ಎಂದು ಚೆಲುವಯ್ಯ ಕೂಗಿದ.

"ಮೂವತ್ತೈದು," ಎಂದ ರುದ್ರಪ್ರಸಾದ್. "ಮೂವತ್ತೇಳು. ಇನ್ನೊಂದೇ ಹೆಜ್ಜೆ." ಆ ಒಂದು ಹೆಜ್ಜೆಗೆ ಜಾಗವಿರಲಿಲ್ಲ, ತಡಿಕೆ ಇತ್ತು. ಬೆನ್ನಿನಿಂದ ಅದನ್ನು ಸ್ವಲ್ಪವೇ ತಳ್ಳಿದ. ಅದರ ಹಗ್ಗ ಗೆದ್ದಲು ತಿಂದು ಎಷ್ಟು ಕಾಲವಾಗಿತ್ತೋ, ತಡಿಕೆಯೂ ರುದ್ರಪ್ರಸಾದನೂ ಒಟ್ಟಿಗೇ ಒಳಗೆ ಮಗುಚಿಕೊಂಡರು. ಕೆಳಗೆ ಮೆತ್ತಗಿದ್ದ ಏನೋ ಒಂದು "ಅಯ್ಯಯ್ಯಪ್ಪಾ" ಎಂದಿತು.

ಗರಿಗಳನ್ನು ಸರಿಸಿಕೊಂಡು ಬಾಲರಾಜು ಎದ್ದು ನಿಂತ. ನಲವತ್ತೊಂದು ಜನ ಅವನನ್ನೇ ನೋಡುತ್ತಿದ್ದರು.

"ತಡಿಕೆ ರಿಪೇರಿ ಮಾಡ್ತಿದ್ದೆ," ಎಂದ ಅವನು, ಯಾರೂ ಕೇಳದಿದ್ದರೂ.

ಅವನ ಹಿಂದೆ ಗೋಡೆ ಪಕ್ಕ ಒಂದು ಮಣೆ, ಮಣೆಯ ಮೇಲೊಂದು ದಿಂಬು, ಒಂದು ಚೊಂಬು ನೀರು, ಎಲೆಅಡಿಕೆ ತಟ್ಟೆ ಇದ್ದವು. ರಿಪೇರಿಯ ಸಾಮಾನು ಒಂದೂ ಇರಲಿಲ್ಲ. ರುದ್ರಪ್ರಸಾದ್ ಮಾತ್ರ ಇದೊಂದನ್ನೂ ಗಮನಿಸದೆ, ಬಿದ್ದಲ್ಲಿಂದಲೇ ಕ್ಯಾಮೆರಾ ಎತ್ತಿ ನೋಡಿದ. ಮೂವತ್ತೊಂಬತ್ತು ಜನ ಸಿಕ್ಕಿದ್ದರು. ಪರೀಕ್ಷೆಗೆಂದು ಒಂದು ಫೋಟೋ ತೆಗೆದುಬಿಟ್ಟ.

"ಎಲ್ಲಿ, ತೋರ್ಸು," ಎಂದರು ಅಜ್ಜಿ.

ಅವನು ಓಡಿಬಂದು ತೋರಿಸಿದ. ತೋರಿಸುವಾಗ ಅವನಿಗೇ ಆಶ್ಚರ್ಯವಾಯಿತು. ಹತ್ತಿರದವರನ್ನು ತೆಗೆದರೆ ಹಿಂದಿನದನ್ನು ಅಳಿಸಿಹಾಕುವ ಆ ಲೆನ್ಸು, ಬೀದಿಯಾಚೆ ನಿಂತು ತೆಗೆದರೆ ಕಂಡದ್ದನ್ನೆಲ್ಲ ಇದ್ದ ಹಾಗೇ ಹೇಳಿಬಿಡುತ್ತದೆ. ಅಂಗಡಿಯವನು ಇದನ್ನು ಹೇಳಿರಲಿಲ್ಲ. ಮುಂದಿನವರು, ಹಿಂದಿನವರು, ಗೋಡೆಯ ಸುಣ್ಣ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಸೋತ ಆಟ ಗೆದ್ದೆ ಎಂದೇ ಅವನಿಗನಿಸಿತು.

"ಅಜ್ಜಿ, ಎಷ್ಟು ಸ್ಪಷ್ಟವಾಗಿದೆ ನೋಡಿ. ಈ ಗುಂಡಿ ಒತ್ತಿದ್ರೆ ಇನ್ನೂ ದೊಡ್ಡದಾಗುತ್ತೆ. ಇಗೋ, ಚೆಲುವಯ್ಯನವರ ತಲೆ ಮೇಲೆ ಚಂದ್ರಿಕೆ. ಅದರ ಅಂಚಿಗೆ ಹಸಿರು ಬಟ್ಟೆ ಸುತ್ತಿದ್ದಾರೆ. ಆ ಬಟ್ಟೆ ಮೇಲಿನ ಹೂವನ್ನೂ ಎಣಿಸಬಹುದು."

ಗಂಡನ ಕೂಗು ಕೇಳಿ ಹಿತ್ತಿಲಿನಿಂದ ಸುತ್ತಿಕೊಂಡು ಬಂದಿದ್ದ ಚಿನ್ನಮ್ಮ ಅಜ್ಜಿಯ ಭುಜದ ಮೇಲಿಂದ ಇಣುಕಿದಳು.

"ಅದು ನನ್ ಸೀರೆ ಸೆರಗು," ಎಂದಳು ಮೆಲ್ಲಗೆ.

ಚೆಲುವಯ್ಯನ ಕೈಗಳು ತಾವಾಗಿಯೇ ಕೆಳಗಿಳಿದವು. ಪಕ್ಕದ ಮನೆಯ ವರಲಕ್ಷ್ಮಮ್ಮ ಹನ್ನೊಂದು ವರ್ಷದ ಕಥೆಯನ್ನು, ಆಣೆಯ ಮಾತನ್ನೂ ಬಿಡದೆ, ಕಬ್ಬಾಳಿನವರಿಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಗಂಡಿನ ಸೋದರಮಾವನ ಮುಖ ಬಿಗಿಯಿತು.

"ನಮ್ ತಾಯಿ ಮ್ಯಾಲೆ ಸುಳ್ಳಾಣೆ ಇಟ್ಟೋರ ಮನೆಯಿಂದ ಹೆಣ್ಣು ತರಾದಾ?"

ಮಾಗಡಿ ಮಾವ ಎದ್ದು ಬಂದು ಅರ್ಜಿಯನ್ನೂ ಪೆನ್ನನ್ನೂ ಅಳಿಯನ ಕೈಗೆ ಕೊಟ್ಟರು. ರುದ್ರಪ್ರಸಾದನಿಗೆ ಅಳು ಬರುವ ಹಾಗಾಯಿತು. ತನ್ನ ಅಂಗಡಿ ಹೋಗುವುದಲ್ಲದೆ, ಏನೂ ಅರಿಯದ ಒಂದು ಹುಡುಗಿಯ ಮದುವೆಯನ್ನೂ ತಾನೇ ಕೆಡಿಸಿದೆನಲ್ಲ ಎಂದು ರಮ್ಯಾಳ ಕಡೆ ನೋಡಲಾರದೆ ನೆಲ ನೋಡಿದ.

"ಸುಳ್ಳಾಣೆ ಅಲ್ಲ," ಎಂದ ಚೆಲುವಯ್ಯ. "ಆಣೆ ಇಟ್ಟಾಗ ನಿಜ್ವಾಗ್ಲೂ ಇಲ್ಲ ಅಂತ್ಲೇ ತಿಳ್ಕಂಡಿದ್ದೆ. ನಮ್ಮವ್ವ ಬೆಳೆ ಮುಗುದ್ಮೇಲೆ ತೊಳ್ದು ಅಟ್ಟಕ್ಕೆ ಹಾಕಿ ಮರ್ತ್ಬುಟ್ಟಿತ್ತು. ನಂಗೆ ಸಿಕ್ಕಿದ್ದು ಆರು ತಿಂಗ್ಳಾದ್ಮೇಲೆ. ಅಷ್ಟೊತ್ಗೆ ಇಂವ ತಡಿಕೆ ಕಟ್ಟಿದ್ದ. ಊರ್ ಮುಂದೆ ಆಣೆ ಇಟ್ಟೋನು ಯಾವ್ ಮೊಕ ಹೊತ್ಕಂಡು ವಾಪಸ್ ಕೊಡ್ಲಿ? ಇವತ್ತು ಕೊಡವಾ, ನಾಳೆ ಕೊಡವಾ ಅಂತ ಹನ್ನೊಂದು ವರ್ಸ ಆಗೋಯ್ತು. ತಪ್ಪು ನಂದೇ ಕಣ್ಲಾ ಬಾಲರಾಜ."

ಬಾಲರಾಜು ತಲೆಯಲ್ಲಿ ಸಿಕ್ಕಿಕೊಂಡಿದ್ದ ಗರಿಯ ಚೂರನ್ನು ತೆಗೆದುಹಾಕಿದ.

"ನಂಗೆ ಮೊನ್ನೇನೆ ಗೊತ್ತಣ್ಣ, ನೀನು ಅದ್ನ ಆಚಿಕ್ ತಂದು ಒರಗ್ಸಿದಾಗ್ಲೇ. ಕೂಸಿನ ಕಾರ್ಯ ಸಾಂಗವಾಗಿ ಮುಗೀಲಿ ಅಂತ ಸುಮ್ಕಿದ್ದೆ."

"ಹೆಂಗ್ಲಾ ಗೊತ್ತಾಯ್ತು? ಈ ಕಡೆ ನೋಡಕಿಲ್ಲ ಅಂತ ತಾನೆ ತಡಿಕೆ ಕಟ್ಟಿದ್ದು?"

ಬಾಲರಾಜುವಿನ ಪರವಾಗಿ ಉತ್ತರ ಹುಡುಕಿದವಳು ವರಲಕ್ಷ್ಮಮ್ಮ. ಜಗುಲಿಗೆ ಹೋಗಿ, ಬಿದ್ದ ತಡಿಕೆಯನ್ನು ಎತ್ತಿ ನಿಲ್ಲಿಸಿದಳು. ಕೂತವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅದರಲ್ಲೊಂದು ತೂತಿತ್ತು. ಅದರ ಅಂಚು ವರ್ಷಗಟ್ಟಲೆ ಬಳಸಿ ನುಣುಪಾಗಿತ್ತು. ಅವಳು ದಿಂಬಿನ ಮೇಲೆ ಕೂತು ತೂತಿಗೆ ಕಣ್ಣಿಟ್ಟು ಸಭೆಗೆ ವರದಿ ಮಾಡಿದಳು.

"ಇಲ್ಲಿಂದ ರಮ್ಯಾ ಕೂರೋ ಜಗ್ಲಿ ಸರ್ಯಾಗಿ ಕಾಣ್ತದೆ."

"ಐದ್ನೇ ಕ್ಲಾಸಿಂದ ಕೂಸು ಅಲ್ಲೇ ಕುಂತ್ಕಂಡು ಓದ್ಕತಿತ್ತು," ಎಂದ ಬಾಲರಾಜು, ತಪ್ಪು ಒಪ್ಪಿಕೊಳ್ಳುವವನಂತೆ. "ನೋಡ್ದೆ ಇರಕ್ಕೆ ಆಯ್ತದಾ?"

ರಮ್ಯಾ ಎದ್ದಳು. ಜರಿಸೀರೆಯನ್ನು ಎತ್ತಿ ಹಿಡಿದು ಬೀದಿ ದಾಟಿ ಹೋಗಿ, "ಬಾ ಚಿಕ್ಕಪ್ಪ" ಎಂದು ಬಾಲರಾಜುವಿನ ಕೈ ಹಿಡಿದಳು. ಮಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರುದ್ರಪ್ರಸಾದನೂ ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಎತ್ತಿದ, ಅದು ಅರ್ಜಿಯಾಗಿತ್ತು.

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಆಚೆ ಕೆನ್ನೆಗೆ ಸರಿಸಿದರು.

"ಆಣೆ ಇಟ್ಟಾಗ ಗೊತ್ತಿರ್ನಿಲ್ಲ ಅಂದ್ಮೇಲೆ ತಾಯಿ ಯಾಕ್ ಮುನಿಸ್ಕತಾಳೆ? ಮದ್ವೆಗೆ ಮುಂಚೆ ಬಂದು ಒಂದು ಮಡ್ಲಕ್ಕಿ ಕೊಟ್ಟು ಕೈಮುಗ್ದು ಹೋಗಿ, ಮುಗೀತು. ಒಬ್ಬ ಚಂದ್ರಿಕೆ ಬಚ್ಚಿಟ್ಕಂಡಿದ್ದ, ಇನ್ನೊಬ್ಬ ತೂತಿಗೆ ಕಣ್ಣಿಟ್ಕಂಡಿದ್ದ. ಇಬ್ರೂ ಸರಿಗವ್ರೆ. ಅಲ್ಲ ಕಣಯ್ಯ ಚೆಲುವಯ್ಯ, ಹುಡುಗಿ ಚಿಕ್ಕಪ್ಪನ್ನ ಬುಟ್ಟು ಅದ್ಯಾತರ ಫೋಟೋ ತಗುಸ್ತಿದ್ದೆ? ಎಲ್ರೂ ನಿಂತ್ಕಳಿ. ಬ್ಯಾಗ ಆಗ್ಲಿ, ನಂಗೆ ಹಸಿವು."

ಸೋದರಮಾವ ಬಾಯಿ ತೆರೆದ. ಅಜ್ಜಿ ಅವನತ್ತ ನೋಡಿದ ಮೇಲೆ ಮುಚ್ಚಿದ.

ಈಗ ಗುಂಪಿಗೆ ಬಾಲರಾಜು, ಚಿನ್ನಮ್ಮ ಸೇರಿ ಟ್ರ್ಯಾಕ್ಟರಿನವನೂ ಒಳಗೊಂಡು ನಲವತ್ತಮೂರು ಜನ. ರುದ್ರಪ್ರಸಾದ್ ಮತ್ತೆ ಜಗುಲಿ ಹತ್ತಿ, ಬೆನ್ನು ಮುಚ್ಚಿದ ಬಾಗಿಲಿಗೆ ತಾಗುವವರೆಗೆ ಹೋದ. ಸೋದರತ್ತೆಯ ಅರ್ಧ ಮುಖ ಇನ್ನೂ ಹೊರಗೇ ಇತ್ತು.

"ಏನಾಯ್ತು?" ಎಂದು ಬೀದಿಯಾಚೆಯಿಂದ ಚಿನ್ನಮ್ಮ ಕೇಳಿದಳು.

"ಎರಡು ಹೆಜ್ಜೆ ಸಾಲ್ತಿಲ್ಲ ಅಮ್ಮ," ಎಂದ ರುದ್ರಪ್ರಸಾದ್. ಅವನ ಪಾಲಿಗೆ ಇಡೀ ಬದುಕು ಆ ಎರಡು ಹೆಜ್ಜೆಯಲ್ಲಿತ್ತು.

ಚಿನ್ನಮ್ಮ ಗಂಡನನ್ನು ನೋಡಿದಳು. "ಬಾಗ್ಲು ತಗದ್ರೆ ಸಾಕಲ್ವಾ?" ಎಂದಳು.

ಹನ್ನೊಂದು ವರ್ಷ ತೆರೆಯದ ಬಾಗಿಲು ಹೇಳಿದ ಕೂಡಲೇ ತೆರೆಯುತ್ತದೆಯೇ? ಅಗುಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಾಲರಾಜು ಹಿತ್ತಿಲಿನಿಂದ ಒಳಹೋಗಿ ಸುತ್ತಿಗೆಯಲ್ಲಿ ಬಡಿದ. ಹೊರಗಿನಿಂದ ಚೆಲುವಯ್ಯ ಭುಜ ಕೊಟ್ಟು ಒದ್ದಾಡಿದ. "ಒಸಿ ತಡಿಯೋ," "ನೀ ತಳ್ಳಣ್ಣ," "ಈಗ್ ಹೊಡಿ," ಎಂದು ಅಣ್ಣತಮ್ಮಂದಿರು ಬಾಗಿಲಿನ ಎರಡೂ ಕಡೆಯಿಂದ ಮಾತಾಡಿಕೊಂಡರು. ಹನ್ನೊಂದು ವರ್ಷದಲ್ಲಿ ಅವರಾಡಿದ ಮೊದಲ ಕೆಲಸದ ಮಾತುಗಳು ಅವು. ಕೊನೆಗೆ ಬಾಗಿಲು ದೊಡ್ಡ ಸದ್ದು ಮಾಡಿ ತೆರೆದುಕೊಂಡಿತು.

ಇಬ್ಬರೂ ಬಂದು ಆ ಚಂದ್ರಿಕೆಯ ಆಚೆಗೊಬ್ಬ ಈಚೆಗೊಬ್ಬ ನಿಂತರು. "ಒಳ್ಳೆ ಗೂಡು ಕಟ್ಟವೆ ಕಣಣ್ಣ," ಎಂದ ಬಾಲರಾಜು. ರುದ್ರಪ್ರಸಾದ್ ಒಂದು ಹೆಜ್ಜೆ ಹಿಂದಿಟ್ಟ. ಎರಡನೆಯ ಹೆಜ್ಜೆಗೆ ನಲವತ್ತಮೂರು ಜನರೂ ಅತ್ತೆಯ ಪೂರ್ತಿ ಮುಖವೂ ಕ್ಯಾಮೆರಾದೊಳಗೆ ಬಂದವು, ಅವನ ಹಿಮ್ಮಡಿ ಹೊಸಿಲಿಗೆ ತಾಗಿತು, ಅವನು ನಡುಮನೆಯಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೆ ಅಂಗಾತ ಬಿದ್ದ. ಬೀಳುವ ಮೊದಲು ಬೆರಳು ತನ್ನ ಕೆಲಸ ಮುಗಿಸಿತ್ತು.

ಆ ಫೋಟೋ ಇಂದಿಗೂ ಕಬ್ಬಾಳಿನಲ್ಲಿದೆ. ಅದರಲ್ಲಿ ನಲವತ್ತಮೂರು ಜನರೂ ಬಾಯ್ತುಂಬ ನಗುತ್ತಿದ್ದಾರೆ. ಸೋದರಮಾವ ಹೊಟ್ಟೆ ಹಿಡಿದುಕೊಂಡಿದ್ದಾನೆ. ಚಂದ್ರಿಕೆಯ ಹಸಿರು ಅಂಚು ಮೂಲೆಯಿಂದ ಮೂಲೆಗೆ ಕಾಣುತ್ತದೆ. ಅಂದು ಅದನ್ನು ಕ್ಯಾಮೆರಾದ ಬೆನ್ನಲ್ಲಿ ಬಹಳ ಹೊತ್ತು ನೋಡಿದ ಅಜ್ಜಿ, "ಮದ್ವೆಗೂ ಇಂವ್ನೇ ಬರ್ಲಿ. ಆದ್ರೆ ಈ ಚಿಕ್ಕುದ್ನೇ ತರ್ಬೇಕು" ಎಂದು ಹೇಳಿ ಊಟಕ್ಕೆ ಎದ್ದರು. ರುದ್ರಪ್ರಸಾದನ ಕಣ್ಣು ಮತ್ತೆ ತುಂಬಿತು, ಈ ಸಲ ಸಂತೋಷಕ್ಕೆ.

ಸಂಜೆ ಸ್ಕೂಟರಿನಲ್ಲಿ ಹಿಂತಿರುಗುವಾಗ ಹಿಂದೆ ಕೂತಿದ್ದ ಮಾವ ಕೈಯಲ್ಲಿ ಒಂದು ಪೊಟ್ಟಣ ಹಿಡಿದಿದ್ದರು. ಯಶೋಧಾಗೆಂದು ಮಾಯಮ್ಮ ಕೊಟ್ಟ ನಾಲ್ಕು ಒಬ್ಬಟ್ಟನ್ನು ಅವರು ಫ್ಯಾಕ್ಟರಿಯ ಅರ್ಜಿಯಲ್ಲೇ ಸುತ್ತಿಕೊಂಡಿದ್ದರು. ತುಪ್ಪ ಇಳಿದು ಅಳಿಯನ ಹೆಸರು, ವಯಸ್ಸು, ವಿದ್ಯಾಭ್ಯಾಸ ಎಲ್ಲ ಒದ್ದೆಯಾಗಿತ್ತು.

"ಅಳಿಯಂದ್ರೆ," ಎಂದರು ಮಾವ. "ಮತ್ತೆ ಆ ಝೂಮ್ ಲೆನ್ಸು ತಗೊಳ್ಳೋ ಯೋಚನೆ ಇದೆಯಾ?"

"ಸದ್ಯಕ್ಕಿಲ್ಲ ಮಾವ."

"ತಗೋಬೇಡಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಎಂದರು, "ಮಾಗಡೀಲಿ ಮನೆ ಮುಂದೆ ಎಲ್ಲರದ್ದೂ ಒಂದು ಫೋಟೋ ಆಗಬೇಕು ಅಂತ ನಿಮ್ಮತ್ತೆ ಹೇಳ್ತಾನೇ ಇರ್ತಾಳೆ."

ರುದ್ರಪ್ರಸಾದ್ ಸ್ಕೂಟರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. "ನಿಮ್ಮ ಬೀದಿ ಎಷ್ಟು ಅಗಲ ಮಾವ?"

"ಎಂಟು ಹೆಜ್ಜೆ."

"ಎಂಟು ಸಾಲಲ್ಲ. ಎದುರು ಮನೆ ಬಾಗಿಲೊಳಕ್ಕೆ ಹೋಗಲೇಬೇಕಾಗುತ್ತೆ."

ಮಾವ ಒಬ್ಬಟ್ಟಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಗೊತ್ತು," ಎಂದರು. "ಅದಕ್ಕೇ ಕೇಳ್ತಿದ್ದೀನಿ."